‘ಅಂತರ ಕಾಯ್ದುಕೊಂಡರು’ ಅಂತ ಬರೆಯುವ ಮುಂಚೆ

ಹತ್ತೊಂಬತ್ತು ವರ್ಷ ಒಂದು ದಿನಪತ್ರಿಕೆಯ ವಿದೇಶ ಪುಟ ನೋಡಿಕೊಂಡವಳು ನಾನು. ಅಮೆರಿಕದ ಚುನಾವಣೆ ಬಂತೆಂದರೆ ಡೆಸ್ಕಿಗೆ ಹೊಸದಾಗಿ ಬಂದವರು ಒಂದು ಬಗೆಯ ಸುದ್ದಿಯಲ್ಲಿ ಖಂಡಿತ ಎಡವುತ್ತಾರೆ. ಅಭ್ಯರ್ಥಿಯ ವಿದೇಶಾಂಗ ಸಲಹೆಗಾರ ಏನೋ ಅಂದಿರುತ್ತಾನೆ, ಇಲ್ಲವೇ ಯಾರನ್ನೋ ಭೇಟಿ ಮಾಡಿರುತ್ತಾನೆ. ಗಲಾಟೆ ಆಗುತ್ತದೆ. ಸಂಜೆಯೊಳಗೆ ಪ್ರಚಾರ ತಂಡ ‘ಅವರಿಗೂ ನಮಗೂ ಸಂಬಂಧವಿಲ್ಲ’ ಅನ್ನುತ್ತದೆ. ಇಂಥ ಕಾಪಿಯನ್ನು, ಅಂದರೆ ಡೆಸ್ಕಿಗೆ ಬರುವ ಸುದ್ದಿಯ ಬರಹವನ್ನು, ಓದುವುದು ಹೇಗೆ, ಕನ್ನಡಕ್ಕೆ ತರುವುದು ಹೇಗೆ? ನಾನು ಎಡವಿ ಕಲಿತದ್ದನ್ನು ಹೇಳುತ್ತೇನೆ.

2008ರ ಮೇ ತಿಂಗಳು. ನಮ್ಮಲ್ಲೂ ವಿಧಾನಸಭೆ ಚುನಾವಣೆ, 10ನೇ ತಾರೀಕು ಮೊದಲ ಹಂತದ ಮತದಾನ. ವಿದೇಶ ಸುದ್ದಿಗೆ ಉಳಿದದ್ದು ಅರ್ಧ ಪುಟ. ಒಬಾಮ ಅವರಿಗೆ ಸಲಹೆ ಕೊಡುತ್ತಿದ್ದ ರಾಬರ್ಟ್ ಮ್ಯಾಲಿ ಹಮಾಸ್‌ನವರನ್ನು ಭೇಟಿ ಮಾಡಿದ್ದರು, ಈಗ ತಂಡದ ಜೊತೆ ಇಲ್ಲ ಅಂತ ಏಜೆನ್ಸಿ ಕಾಪಿ ಬಂತು. ಸಿಂಗಲ್ ಕಾಲಂ ಜಾಗ. ‘ಒಬಾಮ ಸಲಹೆಗಾರ ವಜಾ’ ಅಂತ ಶೀರ್ಷಿಕೆ ಕೊಟ್ಟು ಪುಟವನ್ನು ಅಚ್ಚಿಗೆ ಬಿಟ್ಟೆ. ಮರುದಿನ ನಮ್ಮ ಹಿರಿಯರೊಬ್ಬರು ಪೇಪರ್ ಹಿಡಿದುಕೊಂಡೇ ಬಂದರು. ‘ಏನಮ್ಮಾ, ವಜಾ ಮಾಡಿದ್ದು ಯಾರು? ಅವನಿಗೆ ಸಂಬಳ ಕೊಡ್ತಿದ್ರಾ?’

ಕಾಪಿ ತೆಗೆದು ಮತ್ತೆ ಓದಿದೆ. ಮ್ಯಾಲಿ ಇಂಟರ್‌ನ್ಯಾಷನಲ್ ಕ್ರೈಸಿಸ್ ಗ್ರೂಪ್ ಅನ್ನುವ ಸಂಸ್ಥೆಯಲ್ಲಿದ್ದರು. ಕಾದಾಟ ಇರುವ ಕಡೆ ಎಲ್ಲ ಬಣದವರನ್ನೂ ಮಾತಾಡಿಸುವುದೇ ಆ ಸಂಸ್ಥೆಯ ಕಸುಬು. ಲಂಡನ್ನಿನ ಟೈಮ್ಸ್ ಪತ್ರಿಕೆ ವಿಚಾರಿಸಿದಾಗ ಭೇಟಿಯನ್ನು ಅವರು ಮುಚ್ಚಿಡಲಿಲ್ಲ. ತಂಡದಿಂದ ತಾವೇ ದೂರ ಸರಿದರು. ಒಬಾಮ ವಕ್ತಾರರ ಮಾತಿನ ಸಾರ ಹೀಗಿತ್ತು: ನೂರಾರು ತಜ್ಞರ ಹಾಗೆ ಮ್ಯಾಲಿ ಕೂಡ ಹಿಂದೆ ಅನೌಪಚಾರಿಕವಾಗಿ ಸಲಹೆ ಕೊಟ್ಟಿದ್ದಾರೆ, ಅಧಿಕೃತ ಹೊಣೆ ಏನೂ ಇಲ್ಲ, ಮುಂದೆ ಯಾವ ಪಾತ್ರವೂ ಇರುವುದಿಲ್ಲ.

ಇಂಥ ಹೇಳಿಕೆ ಸಿಕ್ಕರೆ ಮೊದಲು ಪೆನ್ಸಿಲ್ ತೆಗೆದುಕೊಳ್ಳಿ. ‘ನೂರಾರು’, ‘ಹಿಂದೆ’, ‘ಅನೌಪಚಾರಿಕ’, ‘ಮುಂದೆ’, ಈ ನಾಲ್ಕು ಪದಗಳಿಗೆ ಗೆರೆ ಎಳೆಯಿರಿ. ‘ನೂರಾರು’ ಅಂದ ಕೂಡಲೇ ಆ ಮನುಷ್ಯ ಜಾತ್ರೆಯಲ್ಲಿ ಒಬ್ಬನಾಗುತ್ತಾನೆ. ‘ಹಿಂದೆ’ ಅನ್ನುವುದು ಹೋದ ವಾರವೂ ಆಗಬಹುದು, ಹೋದ ವರ್ಷವೂ ಆಗಬಹುದು. ‘ಅನೌಪಚಾರಿಕ’ ಅಂದರೆ ಸಂಬಳವಿಲ್ಲ, ನೇಮಕದ ಕಾಗದವಿಲ್ಲ. ಈ ಸಲಹೆಗಾರರಲ್ಲಿ ಜಾಸ್ತಿ ಜನ ಹಾಗೆಯೇ ಇರುತ್ತಾರೆ. ಬೇರೆ ಕಡೆ ಕೆಲಸ, ಇಲ್ಲಿ ಪುಕ್ಕಟೆ ಸಲಹೆ. ಕಾಗದವೇ ಇಲ್ಲದವರನ್ನು ಕೈಬಿಡುವುದು ಎಷ್ಟು ಸಲೀಸು, ಅಲ್ವಾ? ‘ಮುಂದೆ’ ಅನ್ನುವುದಕ್ಕೂ ಒಂದು ಅವಧಿ ಇರುತ್ತದೆ. ಇದೇ ಮ್ಯಾಲಿ 2014ರಲ್ಲಿ ಒಬಾಮ ಅವರ ರಾಷ್ಟ್ರೀಯ ಭದ್ರತಾ ಮಂಡಳಿಗೆ ಬಂದರು. 2021ರಲ್ಲಿ ಬೈಡನ್ ಅವರಿಗೆ ಇರಾನ್ ವಿಷಯದ ವಿಶೇಷ ದೂತರಾದರು.

ಆಮೇಲೆ ಹಳೆಯ ಕಾಪಿ ಹುಡುಕಿ. ಕಳಿಸಿದ ದಿನದ ಮಾತಿನ ಪಕ್ಕದಲ್ಲಿ ಕರೆದುಕೊಂಡ ದಿನದ ಮಾತನ್ನು ಇಡಬೇಕು. ಇದಕ್ಕೆ ಜಾರ್ಜ್ ಪಪಡೊಪೌಲೊಸ್‌ಗಿಂತ ಒಳ್ಳೆ ಪಾಠ ನನಗೆ ಸಿಕ್ಕಿಲ್ಲ. 2016ರ ಮಾರ್ಚ್ 21ರಂದು ವಾಷಿಂಗ್ಟನ್ ಪೋಸ್ಟ್ ಸಂಪಾದಕರ ಎದುರು ಟ್ರಂಪ್ ತಮ್ಮ ವಿದೇಶಾಂಗ ತಂಡದ ಹೆಸರುಗಳನ್ನು ಹೇಳಿದರು. ಈತನ ಹೆಸರು ಬಂದಾಗ ‘ತುಂಬಾ ಒಳ್ಳೆ ಹುಡುಗ’ ಅನ್ನುವ ಅರ್ಥದ ಮಾತು ಸೇರಿಸಿದರು. ಹತ್ತು ದಿನ ಬಿಟ್ಟು ತಂಡದ ಸಭೆ ನಡೆಯಿತು. ಆ ಸಭೆಯ ಫೋಟೊವನ್ನು ಟ್ರಂಪ್ ತಾವೇ ಜಾಲತಾಣದಲ್ಲಿ ಹಾಕಿಕೊಂಡರು. ಉದ್ದನೆಯ ಮೇಜು, ಒಂದು ತುದಿಯಲ್ಲಿ ಟ್ರಂಪ್, ಸುತ್ತ ಕೂತವರಲ್ಲಿ ಈ ಹುಡುಗನೂ ಇದ್ದಾನೆ. 2017ರ ಅಕ್ಟೋಬರ್ ಕೊನೆಯಲ್ಲಿ, ಎಫ್‌ಬಿಐಗೆ ಸುಳ್ಳು ಹೇಳಿದ್ದಾಗಿ ಆತ ತಪ್ಪೊಪ್ಪಿಕೊಂಡಿರುವುದು ಹೊರಬಿತ್ತು. ಮರುದಿನವೇ ಟ್ರಂಪ್ ಟ್ವೀಟ್ ಬಂತು: ಜಾರ್ಜ್ ಅನ್ನುವ ಆ ಕೆಳಹಂತದ ಸ್ವಯಂಸೇವಕನನ್ನು ಬಲ್ಲವರು ಕಡಿಮೆ ಅಂತ. ಪ್ರಚಾರದಲ್ಲಿ ಹಿಂದೆ ದುಡಿದಿದ್ದ ಒಬ್ಬರಂತೂ ‘ಕಾಫಿ ತಂದುಕೊಡುತ್ತಿದ್ದ ಹುಡುಗ’ ಅಂದುಬಿಟ್ಟರು. ಅವತ್ತು ನಾವು ಮಾಡಿದ್ದು ಇಷ್ಟೇ. ಆ ಹಳೆಯ ಫೋಟೊ ಹಾಕಿ ಕೆಳಗೆ ಎರಡೂ ತಾರೀಕು, ಎರಡೂ ಮಾತು ಕೊಟ್ಟೆವು. ನಮ್ಮ ಕಡೆಯಿಂದ ಒಂದು ಸಾಲು ಟೀಕೆಯನ್ನೂ ಸೇರಿಸಲಿಲ್ಲ.

ಮುಂದಿನದು ಸ್ವಲ್ಪ ಸೂಕ್ಷ್ಮ. ಗಲಾಟೆ ಆಗಿದ್ದು ಯಾವ ಮಾತಿಗೆ, ಓದುಗನಿಗೆ ಬೇಕಾದ ಮಾತು ಯಾವುದು? ಎರಡನ್ನೂ ಬೇರೆ ಮಾಡಿಕೊಳ್ಳಿ. 2008ರ ಮಾರ್ಚ್‌ನಲ್ಲಿ ಒಬಾಮ ಅವರ ವಿದೇಶಾಂಗ ಸಲಹೆಗಾರ್ತಿ ಸಮಂತಾ ಪವರ್ ‘ದಿ ಸ್ಕಾಟ್ಸ್‌ಮನ್’ ಪತ್ರಿಕೆಯ ಜೊತೆ ಮಾತಾಡುತ್ತ, ಪಕ್ಷದೊಳಗೇ ಒಬಾಮಗೆ ಎದುರಾಳಿಯಾಗಿದ್ದ ಹಿಲರಿ ಕ್ಲಿಂಟನ್ ಅವರನ್ನು ರಾಕ್ಷಸಿ ಅಂದರು. ಹಿಂದೆಯೇ ‘ಇದನ್ನು ಬರೆಯಬೇಡಿ’ ಅಂದರೂ ಪತ್ರಿಕೆ ಬಿಡಲಿಲ್ಲ. 7ನೇ ತಾರೀಕು ಪವರ್ ರಾಜೀನಾಮೆ ಕೊಟ್ಟರು. (ರಾಕ್ಷಸಿಯೋ ದೆವ್ವವೋ ಅಂತ ನಮ್ಮ ಡೆಸ್ಕಿನಲ್ಲಿ ಅರ್ಧ ಗಂಟೆ ವಾದ ನಡೆಯಿತು.) ಅದೇ ಹೊತ್ತಿಗೆ ಬಿಬಿಸಿಯಲ್ಲಿ ಅವರು ಇನ್ನೊಂದು ಮಾತು ಹೇಳಿದ್ದರು. ಇರಾಕಿನಿಂದ 16 ತಿಂಗಳಲ್ಲಿ ಸೈನ್ಯ ವಾಪಸ್ ಅನ್ನುವ ಒಬಾಮ ಲೆಕ್ಕ ಎಲ್ಲವೂ ಸರಿಹೋದರೆ ಮಾತ್ರ, ಅಧ್ಯಕ್ಷರಾದ ಮೇಲೆ ಪರಿಸ್ಥಿತಿ ನೋಡಿ ತೀರ್ಮಾನಿಸುತ್ತಾರೆ ಅಂತ. ಓದುಗನಿಗೆ ಬೇಕಾಗಿದ್ದು ಇದು. ನಾವು ಹಾಕಿದ್ದು ರಾಕ್ಷಸಿಯನ್ನು. ಪವರ್ 2009ರಲ್ಲಿ ಒಬಾಮ ಆಡಳಿತ ಸೇರಿ 2013ರಲ್ಲಿ ವಿಶ್ವಸಂಸ್ಥೆಗೆ ರಾಯಭಾರಿಯಾದರು.

ಎಲ್ಲರೂ ಹೊರಗೆ ಹೋಗುವುದಿಲ್ಲ ಅನ್ನುವುದೂ ನೆನಪಿರಲಿ. 2015ರಲ್ಲಿ, ಅಧ್ಯಕ್ಷ ಸ್ಥಾನಕ್ಕೆ ನಿಲ್ಲಲು ಹೊರಟಿದ್ದ ಜೆಬ್ ಬುಷ್ ಅವರ ಸಲಹೆಗಾರರ ಪಟ್ಟಿಯಲ್ಲಿದ್ದ ಮಾಜಿ ವಿದೇಶಾಂಗ ಸಚಿವ ಜೇಮ್ಸ್ ಬೇಕರ್ ಒಂದು ಭಾಷಣದಲ್ಲಿ ಇಸ್ರೇಲ್ ಪ್ರಧಾನಿ ನೆತನ್ಯಾಹು ಅವರನ್ನು ಟೀಕಿಸಿದರು. ಬುಷ್ ಕಡೆಯವರು ಆ ಮಾತನ್ನು ನಾವು ಒಪ್ಪುವುದಿಲ್ಲ ಅಂದರು, ಆದರೆ ಹಿರಿಯರನ್ನು ಕೈಬಿಡಲಿಲ್ಲ. ಇಲ್ಲಿ ದೂರ ಇಟ್ಟದ್ದು ಮಾತನ್ನು. ‘ಅದು ಅವರ ವೈಯಕ್ತಿಕ ಹೇಳಿಕೆ’ ಅನ್ನುವ ನಮ್ಮೂರಿನ ಸಾಲು ಇಂಥ ಕಡೆ ಸರಿಯಾಗಿ ಕೂರುತ್ತದೆ.

ಕ್ಯಾಲೆಂಡರ್ ಕೂಡ ನೋಡಿ. 1980ರಲ್ಲಿ ರೇಗನ್ ಅವರ ವಿದೇಶಾಂಗ ಸಲಹೆಗಾರ ರಿಚರ್ಡ್ ಅಲೆನ್ ಮೇಲೆ ಆರೋಪ ಬಂದು ಅವರು ಪ್ರಚಾರ ಬಿಟ್ಟದ್ದು ಅಕ್ಟೋಬರ್ 30ಕ್ಕೆ. ಮತದಾನ ನವೆಂಬರ್ 4ಕ್ಕೆ. ಜನವರಿಯಲ್ಲಿ ಅವರು ರಾಷ್ಟ್ರೀಯ ಭದ್ರತಾ ಸಲಹೆಗಾರರಾಗಿ ಕೂತಿದ್ದರು. ಮತದಾನದ ಹತ್ತಿರ ಹೋದವರ ಹೆಸರನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ಫಲಿತಾಂಶ ಬಂದ ಮೇಲೆ ಮೂರು ತಿಂಗಳು ಕಾಯಿರಿ. ನನ್ನ ಪುಸ್ತಕದಲ್ಲಿ ಒಬ್ಬೊಬ್ಬರಿಗೆ ಒಂದು ಪುಟ, ಬಲಗಡೆ ಅರ್ಧ ಸುಮ್ನೆ ಖಾಲಿ ಬಿಟ್ಟಿರುತ್ತೇನೆ. ಮ್ಯಾಲಿ ಪುಟ ತುಂಬಲು ಹದಿಮೂರು ವರ್ಷ ಹಿಡಿಯಿತು.

ಇನ್ನು ಬರೆಯುವಾಗ ‘ಅನೌಪಚಾರಿಕ ಸಲಹೆಗಾರ’ ಅನ್ನುವುದನ್ನು ವಕ್ತಾರರ ಬಾಯಲ್ಲೇ ಇಡಿ, ನಿಮ್ಮ ವಾಕ್ಯದಲ್ಲಿ ಬೇಡ. ನೀವು ‘ಆಗಾಗ ಸಲಹೆ ಕೊಡುತ್ತಿದ್ದವರು’ ಅಂತ ಬರೆದರೆ ಸಾಕು. ‘ಅಂತರ ಕಾಯ್ದುಕೊಂಡರು’ ಅಂತ ಹಾಕುವುದಾದರೆ ಯಾರು, ಯಾರಿಂದ ಅನ್ನುವುದು ಅದೇ ವಾಕ್ಯದಲ್ಲಿ ಬರಲಿ. ಜಾಗ ಸಿಂಗಲ್ ಕಾಲಂ ಇದ್ದಾಗ ಕೈ ತಾನಾಗಿ ‘ವಜಾ’ದ ಕಡೆ ಹೋಗುತ್ತದೆ, ಎರಡೇ ಅಕ್ಷರ ನೋಡಿ. ‘ದೂರ’ ಅಂತ ಹಾಕಿ. ಅದೂ ಎರಡೇ ಅಕ್ಷರ.