ಸಿರಿವಂತರ ಮೇಲೆ ಇನ್‌ಸೈಡರ್ ಟ್ರೇಡಿಂಗ್ ಆರೋಪ: ಸುದ್ದಿಯನ್ನು ಓದುವುದು ಹೇಗೆ?

ಕಂಪನಿಯ ಒಳಗಿನ ಗುಟ್ಟು ತಿಳಿದು, ಅದು ಹೊರಬೀಳುವ ಮೊದಲೇ ಷೇರು ಕೊಳ್ಳುವುದು, ಮಾರುವುದು, ಇಲ್ಲವೇ ಆ ಗುಟ್ಟನ್ನು ಇನ್ನೊಬ್ಬರಿಗೆ ದಾಟಿಸುವುದು ಇನ್‌ಸೈಡರ್ ಟ್ರೇಡಿಂಗ್. ದೊಡ್ಡ ಹೆಸರಿನವರ ಮೇಲೆ ಇನ್‌ಸೈಡರ್ ಟ್ರೇಡಿಂಗ್ ಆರೋಪ ಬಂತೆಂದರೆ ಎರಡು ಮಾತು ತಪ್ಪದೆ ಕೇಳಿಬರುತ್ತವೆ. ‘ಅಷ್ಟು ದುಡ್ಡಿರೋರಿಗೆ ಇದೆಲ್ಲ ಯಾಕೆ ಬೇಕಿತ್ತು, ಸುಮ್ನೆ ಸಿಕ್ಕಿಸಿದ್ದಾರೆ’ ಅನ್ನುವುದು ಒಂದು. ‘ದುಡ್ಡಿರೋರೆಲ್ಲ ಹೀಗೇ’ ಅನ್ನುವುದು ಇನ್ನೊಂದು. ಎರಡೂ ಆಸ್ತಿ ನೋಡಿ ಆಡುವ ಮಾತು. ನೋಡಬೇಕಾದ್ದು ಒಳಗಿನ ಸುದ್ದಿ ಸಾಗಿದ ದಾರಿಯನ್ನು. ಅದಕ್ಕೆ ಹೀಗೆ ಮಾಡಿ.

ಮೊದಲು ಗಡಿಯಾರ ನೋಡಿ

ಒಂದು ಹಾಳೆಯಲ್ಲಿ ಮೂರು ಸಮಯ ಬರೆದುಕೊಳ್ಳಿ: ಸುದ್ದಿ ಒಳಗಿನವರಿಗೆ ತಿಳಿದದ್ದು ಯಾವಾಗ, ಷೇರು ಕೊಂಡದ್ದು ಅಥವಾ ಮಾರಿದ್ದು ಯಾವಾಗ, ಸುದ್ದಿ ಎಲ್ಲರಿಗೂ ಗೊತ್ತಾದದ್ದು ಯಾವಾಗ.

ರಜತ್ ಗುಪ್ತಾ ಪ್ರಕರಣದಲ್ಲಿ ಇದನ್ನು ಮಾಡಿ ನೋಡೋಣ. ದಿಲ್ಲಿ ಐಐಟಿಯಲ್ಲಿ ಓದಿ, ಮೆಕಿನ್ಸಿ ಎಂಬ ಸಲಹಾ ಕಂಪನಿಯ ಮುಖ್ಯಸ್ಥರಾಗಿದ್ದ ಅವರು ಅಮೆರಿಕದ ಗೋಲ್ಡ್‌ಮನ್ ಸ್ಯಾಕ್ಸ್ ಬ್ಯಾಂಕಿನ ನಿರ್ದೇಶಕರೂ ಆಗಿದ್ದರು. 2008ರ ಸೆಪ್ಟೆಂಬರ್ 23. ಹೆಸರಾಂತ ಹೂಡಿಕೆದಾರ ವಾರನ್ ಬಫೆಟ್ ಅವರ ಬರ್ಕ್‌ಷೈರ್ ಹ್ಯಾಥವೇ ಬ್ಯಾಂಕಿಗೆ 500 ಕೋಟಿ ಡಾಲರ್ ಹಾಕುತ್ತದೆ ಎಂಬ ವಿಷಯಕ್ಕೆ ನಿರ್ದೇಶಕರು ಫೋನ್ ಸಭೆಯಲ್ಲೇ ಒಪ್ಪಿಗೆ ಕೊಟ್ಟರು. ಸಭೆ ಮುಗಿದಾಗ ಮಧ್ಯಾಹ್ನ 3 ಗಂಟೆ 53 ನಿಮಿಷದ ಸುಮಾರು. ಮರುಕ್ಷಣವೇ ಗುಪ್ತಾ ಕಡೆಯಿಂದ ಗ್ಯಾಲಿಯನ್ ಹೆಡ್ಜ್ ಫಂಡಿನ (ಸಿರಿವಂತರ ಹಣ ಹೂಡುವ ಸಂಸ್ಥೆಯ) ರಾಜ್ ರಾಜರತ್ನಂಗೆ ಕರೆ ಹೋಯಿತು. ಮಾರುಕಟ್ಟೆ ಮುಚ್ಚುವುದು 4 ಗಂಟೆಗೆ. ಅಷ್ಟರೊಳಗೆ ಗ್ಯಾಲಿಯನ್ 2 ಲಕ್ಷಕ್ಕೂ ಹೆಚ್ಚು ಗೋಲ್ಡ್‌ಮನ್ ಷೇರು ಕೊಂಡಿತು. ಬಫೆಟ್ ಸುದ್ದಿ ಹೊರಬಿದ್ದದ್ದು ಮಾರುಕಟ್ಟೆ ಮುಚ್ಚಿದ ಮೇಲೆ.

ಈ ಏಳು ನಿಮಿಷವೇ ಇಡೀ ಪ್ರಕರಣದ ಜೀವ. ಒಂದು ಸಲ ಆಗಿದ್ದರೆ ಕಾಕತಾಳೀಯ ಅನ್ನಬಹುದಿತ್ತು. ಒಂದು ತಿಂಗಳ ನಂತರ, ಅಕ್ಟೋಬರ್ 23ರಂದು, ಬ್ಯಾಂಕಿಗೆ ನಷ್ಟವಾಗಲಿದೆ ಎಂದು ನಿರ್ದೇಶಕರಿಗೆ ತಿಳಿಸಿದ ಕರೆ ಮುಗಿದು ಒಂದು ನಿಮಿಷವೂ ಆಗಿರಲಿಲ್ಲ, ಮತ್ತೆ ಅದೇ ನಂಬರಿಗೆ ಫೋನ್. ಮರುದಿನ ಬೆಳಿಗ್ಗೆ ರಾಜರತ್ನಂ ಷೇರು ಮಾರಿದರು.

ಆಮೇಲೆ ಸಾಕ್ಷಿ ಎಂಥದ್ದು ನೋಡಿ

ಆ ಎರಡು ಕರೆಗಳಲ್ಲಿ ಏನು ಮಾತಾಡಿದರು ಎಂಬ ಧ್ವನಿಮುದ್ರಣ ಇರಲಿಲ್ಲ. ಇದ್ದದ್ದು ಫೋನ್ ದಾಖಲೆ, ಷೇರು ವಹಿವಾಟಿನ ದಾಖಲೆ. ಜೊತೆಗೆ, ಗೋಲ್ಡ್‌ಮನ್‌ಗೆ ಒಳ್ಳೆಯದೇನೋ ಆಗಲಿದೆ ಅಂತ ತನಗೆ ಕರೆ ಬಂದಿತ್ತು ಎಂದು ರಾಜರತ್ನಂ ತನ್ನವರ ಬಳಿ ಹೇಳಿಕೊಂಡದ್ದು ಪೊಲೀಸರು ಕದ್ದು ಕೇಳುತ್ತಿದ್ದ ಫೋನಿನಲ್ಲಿ ದಾಖಲಾಗಿತ್ತು. ಸುದ್ದಿ ಕೊಟ್ಟವರು ಬ್ಯಾಂಕಿನ ಬೇರೆಯವರೂ ಇರಬಹುದು ಅಂತ ಗುಪ್ತಾ ವಕೀಲರು ವಾದಿಸಿದರು. ಅದು ತಳ್ಳಿಹಾಕುವ ವಾದವಲ್ಲ. ಇಂಥ ಪ್ರಕರಣಗಳು ಹೆಚ್ಚಾಗಿ ನಿಲ್ಲುವುದು ಸಾಂದರ್ಭಿಕ ಸಾಕ್ಷಿಯ, ಅಂದರೆ ನೇರವಾಗಿ ಕಂಡು ಕೇಳಿದ್ದಲ್ಲದೆ ಸುತ್ತಲಿನ ಸಂಗತಿಗಳಿಂದ ಊಹಿಸುವ ಸಾಕ್ಷಿಯ, ಮೇಲೆಯೇ. ಆದ್ದರಿಂದ ‘ಮೂಲಗಳ ಪ್ರಕಾರ’ ಅಂತಷ್ಟೇ ಬರೆದ ಸುದ್ದಿಯನ್ನು ಸ್ವಲ್ಪ ತಡೆದು ಓದಿ.

ಲಾಭ ಯಾರಿಗೆ?

ಗುಪ್ತಾ ತಾವು ಒಂದು ಷೇರೂ ಕೊಂಡಿರಲಿಲ್ಲ. ಲಾಭ ಆದದ್ದು ರಾಜರತ್ನಂ ಫಂಡಿಗೆ. ‘ಅವರಿಗೇನು ಸಿಕ್ಕಿತು?’ ಅಂತ ಅನೇಕರು ಕೇಳಿದ್ದು ಇದಕ್ಕೇ. ಆದರೆ ನಿರ್ದೇಶಕರ ಸಭೆಯ ಗುಟ್ಟು ಅವರ ಸ್ವಂತದ್ದಲ್ಲ, ಷೇರುದಾರರದ್ದು. ಅದನ್ನು ಸ್ನೇಹಿತನಿಗೆ ದಾಟಿಸಿದರೆ, ಆ ಸಂಜೆ ಏನೂ ಗೊತ್ತಿಲ್ಲದೆ ಷೇರು ಮಾರಿದವರಿಗೆ ಅನ್ಯಾಯ ಆಗಲಿಲ್ವಾ? ಅವರ ಹೆಸರು ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ನನಗೆ ಇದರಲ್ಲಿ ಅತಿ ಬೇಸರದ ಸಂಗತಿ ಅದೇ.

ಶಿಕ್ಷೆ ಯಾವ ಆರೋಪಕ್ಕೆ?

2012ರ ಜೂನ್‌ನಲ್ಲಿ ಜ್ಯೂರಿ (ತೀರ್ಪು ಹೇಳುವ ನಾಗರಿಕರ ತಂಡ) ಗುಪ್ತಾ ಅವರನ್ನು 4 ಆರೋಪಗಳಲ್ಲಿ ತಪ್ಪಿತಸ್ಥ ಎಂದಿತು, 2ರಲ್ಲಿ ಬಿಟ್ಟಿತು. 2 ವರ್ಷ ಜೈಲು, 50 ಲಕ್ಷ ಡಾಲರ್ ದಂಡ ಆಯಿತು. ರಾಜರತ್ನಂಗೆ ಅದಕ್ಕೂ ಮೊದಲೇ 11 ವರ್ಷ ಶಿಕ್ಷೆಯಾಗಿತ್ತು.

ಅಮೆರಿಕದ ಟಿವಿ ತಾರೆ ಮಾರ್ತಾ ಸ್ಟೀವರ್ಟ್ ಕಥೆ ಬೇರೆ. 2001ರ ಡಿಸೆಂಬರ್ 27ರಂದು ಅವರು ಇಮ್‌ಕ್ಲೋನ್ ಎಂಬ ಔಷಧ ಕಂಪನಿಯ 3,928 ಷೇರು ಮಾರಿದರು. ಕಂಪನಿಯ ಔಷಧಕ್ಕೆ ಅನುಮತಿ ಸಿಗಲಿಲ್ಲ ಎಂಬ ಸುದ್ದಿ ಮರುದಿನ ಬಂತು. ತಪ್ಪಿದ ನಷ್ಟ ಸುಮಾರು 45 ಸಾವಿರ ಡಾಲರ್. ಅವರು ಜೈಲಿಗೆ ಹೋದದ್ದು ಇನ್‌ಸೈಡರ್ ಟ್ರೇಡಿಂಗ್‌ಗೆ ಅಂತ ಬಹಳ ಜನ ಈಗಲೂ ನಂಬಿದ್ದಾರೆ. ಅಲ್ಲ. 5 ತಿಂಗಳ ಶಿಕ್ಷೆ ಆದದ್ದು ತನಿಖೆಯವರಿಗೆ ಸುಳ್ಳು ಹೇಳಿ, ತನಿಖೆಗೆ ಅಡ್ಡಿ ಮಾಡಿದ್ದಕ್ಕೆ.

ಕೊನೆಗೆ, ಯಾವ ಹಂತದಲ್ಲಿದೆ?

ನಮ್ಮಲ್ಲಿ ಈ ನಿಯಮ ನೋಡಿಕೊಳ್ಳುವುದು ಷೇರು ಮಾರುಕಟ್ಟೆಯ ನಿಯಂತ್ರಣ ಸಂಸ್ಥೆ ಸೆಬಿ. ಈಗಿರುವ ನಿಯಮಾವಳಿ 2015ರದ್ದು. ಸೆಬಿ ಮೊದಲು ಮಧ್ಯಂತರ ಆದೇಶ ಹೊರಡಿಸಬಹುದು. ಎದುರಿನವರ ವಾದ ಪೂರ್ತಿ ಕೇಳುವ ಮೊದಲೇ ಅದು ಬರುವುದುಂಟು. ಅಂತಿಮ ಆದೇಶ ಬರುವುದು ಆಮೇಲೆ. ಅದರ ಮೇಲೆ ಮುಂಬೈನ ಷೇರು ಮೇಲ್ಮನವಿ ನ್ಯಾಯಮಂಡಳಿ, ಕೊನೆಗೆ ಸುಪ್ರೀಂ ಕೋರ್ಟ್. ಸುದ್ದಿ ಓದುವಾಗ ಇದರಲ್ಲಿ ಯಾವ ಮೆಟ್ಟಿಲು ಅಂತ ಗುರುತು ಹಾಕಿಕೊಳ್ಳಿ. ಆದೇಶದ ದಿನಾಂಕ ಬರೆದಿಟ್ಟುಕೊಂಡು, ಸೆಬಿ ಜಾಲತಾಣದ ‘ಎನ್‌ಫೋರ್ಸ್‌ಮೆಂಟ್’ ವಿಭಾಗದಲ್ಲಿ ಆದೇಶಗಳ ಪಟ್ಟಿ ತೆರೆಯಿರಿ. ಸಮಯ ಕಮ್ಮಿ ಇದ್ದರೆ ಯಾವ ದಿನ ಯಾರು ಎಷ್ಟು ಷೇರು ಕೊಂಡರು, ಮಾರಿದರು ಎಂಬ ಕೋಷ್ಟಕವನ್ನಷ್ಟೇ ಹುಡುಕಿ, ನಿಮ್ಮ ಹಾಳೆಯ ಮೂರು ಸಮಯಗಳ ಪಕ್ಕ ಇಟ್ಟು ನೋಡಿ.