ತಿದ್ದೋಲೆ ಬಂದರೆ ಏನು ಮಾಡಬೇಕು?

ನೌಕರಿಗೆ ಅರ್ಜಿ ಕರೆದ ಕೆಲವೇ ದಿನಕ್ಕೆ ಅದೇ ಜಾಲತಾಣದಲ್ಲಿ ‘ಕೊರಿಜೆಂಡಮ್’ ಅನ್ನೋ ಒಂದು ಪುಟದ ಪಿಡಿಎಫ್ ಬಂದು ಕೂರುತ್ತದೆ. ಸರ್ಕಾರಿ ಕನ್ನಡದಲ್ಲಿ ತಿದ್ದೋಲೆ. ಹೆಸರು ನೋಡಿಯೇ ಎಷ್ಟೋ ಜನ ಅದನ್ನು ತೆರೆಯುವುದಿಲ್ಲ. ಕೊನೆಯ ದಿನಾಂಕ ಬದಲಾಗುವುದು ಅಲ್ಲೇ!

ಮೊದಲು ಪದ ಬಿಡಿಸಿಕೊಳ್ಳಿ. ಕೊರಿಜೆಂಡಮ್ ಅಪ್ಪಟ ಲ್ಯಾಟಿನ್. ‘ರೆಗೆರೆ’ ಅಂದರೆ ನೆಟ್ಟಗೆ ನಡೆಸು. ಅದರಿಂದ ‘ಕೊರಿಗೆರೆ’, ಸರಿಪಡಿಸು. ಕರೆಕ್ಟ್ ಹುಟ್ಟಿದ್ದೂ ಇಲ್ಲಿಂದಲೇ. ಸಂಸ್ಕೃತದ ರಾಜನೂ ಇದರ ದೂರದ ದಾಯಾದಿ ಅನ್ನುತ್ತಾರೆ ಭಾಷೆ ಬಲ್ಲವರು. ಸ್ವಾರಸ್ಯ ಇರುವುದು ಪದದ ಬಾಲದಲ್ಲಿ; ‘ಬೇಕಾದದ್ದು’ ಅನ್ನೋ ಅರ್ಥ ಬರುವುದು ಅಲ್ಲಿಂದ. ಅಜೆಂಡಾ ಅಂದರೆ ಮಾಡಬೇಕಾದವು, ಮೆಮೊರಾಂಡಮ್ ನೆನಪಿಡಬೇಕಾದದ್ದು, ಅಡೆಂಡಮ್ ಸೇರಿಸಬೇಕಾದದ್ದು. ಹಾಗೇ ಕೊರಿಜೆಂಡಮ್ ತಿದ್ದಬೇಕಾದದ್ದು. ‘ತಪ್ಪಾಯ್ತು, ಕ್ಷಮಿಸಿ’ ಅನ್ನೋ ಮಾತೇ ಇದರಲ್ಲಿಲ್ಲ. ಪೆನ್ನು ಹಿಡಿಯಬೇಕಾದವರು ಓದುವ ನಾವೇ.

ಇದರ ಜೊತೆಗಾರ ಪದ ‘ಎರಾಟಮ್’. ಅದರ ಬೇರಿನ ಅರ್ಥ ದಾರಿ ತಪ್ಪಿ ಅಲೆಯುವುದು. ಅನೇಕ ಸಂಶೋಧನಾ ಪತ್ರಿಕೆಗಳಲ್ಲಿ ಅಚ್ಚು ಹಾಕಿದವರ ತಪ್ಪಿಗೆ ಎರಾಟಮ್, ಬರೆದವರ ತಪ್ಪಿಗೆ ಕೊರಿಜೆಂಡಮ್. 1631ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಬೈಬಲ್ಲಿನ ಹತ್ತು ಕಟ್ಟಳೆಗಳಲ್ಲಿ ಒಂದು ‘ನಾಟ್’ ಬಿಟ್ಟುಹೋಗಿ, ‘ವ್ಯಭಿಚಾರ ಮಾಡು’ ಎಂದಾಗಿತ್ತು. ಮುದ್ರಕರಾದ ರಾಬರ್ಟ್ ಬಾರ್ಕರ್ ಮತ್ತು ಮಾರ್ಟಿನ್ ಲ್ಯೂಕಸ್‌ಗೆ 300 ಪೌಂಡ್ ದಂಡ ಬಿತ್ತು. ಪಾಪ, ಅಷ್ಟು ದೊಡ್ಡ ತಪ್ಪಿಗೆ ಒಂದು ತಿದ್ದುಪಡಿ ಚೀಟಿ ಸಾಲುತ್ತಿತ್ತೇ?

ಸರಿ, ಈಗ ನಿಮ್ಮ ಪಿಡಿಎಫ್‌ಗೆ ಬನ್ನಿ. ಮೂಲ ಅಧಿಸೂಚನೆಯನ್ನು ಪಕ್ಕದಲ್ಲಿಟ್ಟುಕೊಳ್ಳಿ. ಎರಡರಲ್ಲೂ ಅಧಿಸೂಚನೆಯ ಸಂಖ್ಯೆ, ದಿನಾಂಕ ತಾಳೆಯಾಗುತ್ತವೆಯೇ ನೋಡಿ. ಒಂದೇ ಇಲಾಖೆ ಎರಡು ಮೂರು ಹುದ್ದೆಗಳಿಗೆ ಒಟ್ಟೊಟ್ಟಿಗೆ ಕರೆದಿದ್ದರೆ ಗೊಂದಲ ಜಾಸ್ತಿ.

ಆಮೇಲೆ ‘ಬದಲಾಗಿ’ ಅನ್ನೋ ಪದ ಹುಡುಕಿ. ಉದಾಹರಣೆಗೆ, ‘ಪುಟ 4ರ ಕಂಡಿಕೆ 6ರಲ್ಲಿ 35 ವರ್ಷ ಎಂಬುದರ ಬದಲಾಗಿ 38 ವರ್ಷ ಎಂದು ಓದಿಕೊಳ್ಳುವುದು’ ಎಂದಿರುತ್ತದೆ. ಮೂಲ ಪ್ರತಿಯಲ್ಲಿ 35 ಹೊಡೆದು ಮೇಲೆ 38 ಬರೆಯಿರಿ. ಅಂಚಿನಲ್ಲಿ ತಿದ್ದೋಲೆಯ ದಿನಾಂಕವನ್ನೂ ಹಾಕಿ. ಸುಮ್ನೆ ಮನಸ್ಸಿನಲ್ಲೇ ತಿದ್ದಿಕೊಂಡರೆ ವಾರದೊಳಗೆ ಮರೆತುಹೋಗುತ್ತದೆ.

ಕೆಳಗಿನ ಸಾಲನ್ನೂ ಬಿಡಬೇಡಿ. ‘ಉಳಿದ ಷರತ್ತುಗಳಲ್ಲಿ ಬದಲಾವಣೆ ಇಲ್ಲ’ ಎಂದಿದ್ದರೆ ವಯಸ್ಸು ಬದಲಾಯಿತೆಂದು ಶುಲ್ಕವೂ ಬದಲಾಗಿದೆ ಅಂದುಕೊಳ್ಳುವ ಹಾಗಿಲ್ಲ.

ಟೆಂಡರ್ ಹಾಕುವವರಿಗೆ ಇನ್ನೊಂದು ಕೆಲಸ ಉಂಟು. ಎಷ್ಟೋ ಕಡೆ ತಿದ್ದೋಲೆಗೂ ಸಹಿ ಮಾಡಿ ಲಗತ್ತಿಸಲು ಹೇಳಿರುತ್ತಾರೆ. ಅರ್ಜಿ ಸಲ್ಲಿಸುವ ದಿನ ಜಾಲತಾಣವನ್ನು ಮತ್ತೊಮ್ಮೆ ತೆರೆಯಿರಿ. ‘ತಿದ್ದೋಲೆ–2’ ಬಂದಿದ್ದರೂ ಬಂದಿರಬಹುದು.