ಗೇಣೆತ್ತರದ ನಾಯಿ, ಮಾರುದ್ದ ಹಟ: ಜಾಕ್ ರಸೆಲ್ ಗುರುತು ಹಿಡಿಯುವುದು ಹೇಗೆ?

ಬಿಳಿ ಮೈ, ಕಂದು ಮುಖ, ನಿಂತಲ್ಲಿ ನಿಲ್ಲದ ಕಾಲು. ಪಾರ್ಕಿನಲ್ಲಿ ಇಂಥ ಪುಟ್ಟ ನಾಯಿ ಕಂಡರೆ ಯಾರಾದರೂ ‘ಜಾಕ್ ರಸೆಲ್’ ಅಂದುಬಿಡುತ್ತಾರೆ. ಆದರೆ ಬಣ್ಣವೊಂದನ್ನೇ ನಂಬಿದರೆ ಮೋಸ ಹೋಗುವುದು ಸುಲಭ. ಬಿಲಕ್ಕಿಳಿದು ಬೇಟೆಯಾಡುವ ಪುಟ್ಟ ನಾಯಿಗಳಿಗೆ ಟೆರಿಯರ್ ಅನ್ನುತ್ತಾರೆ; ಅವುಗಳಲ್ಲಿ ಫಾಕ್ಸ್ ಟೆರಿಯರ್ ಕೂಡ ಬಿಳಿಯೇ. ಜಾಕ್ ರಸೆಲ್‌ನ ಉದ್ದ ಕಾಲಿನ ನಂಟ ಪಾರ್ಸನ್ ರಸೆಲ್ ಕೂಡ ಬಿಳಿಯೇ. ನಮ್ಮ ಬೀದಿಯಲ್ಲಿ ಹುಟ್ಟಿದ ಎಷ್ಟೋ ಮರಿಗಳದ್ದೂ ಅದೇ ಬಣ್ಣ.

ಬಣ್ಣಕ್ಕಿಂತ ಅಳತೆಯ ಟೇಪು ಮತ್ತು ನಿಮ್ಮ ಎರಡು ಕೈ ಜಾಸ್ತಿ ಕೆಲಸಕ್ಕೆ ಬರುತ್ತವೆ. ಅದಕ್ಕೂ ಮೊದಲು ಒಂದು ಸಂಗತಿ ತಿಳಿದಿರಬೇಕು. ಈ ನಾಯಿಯನ್ನು ಯಾವ ಕೆಲಸಕ್ಕೆ ಅಂತ ಬೆಳೆಸಿದರು? ಅದು ಗೊತ್ತಾದರೆ ಎದೆ, ಕಿವಿ, ಬಾಲ, ಬೊಗಳುವ ಚಟ ಎಲ್ಲಕ್ಕೂ ಕಾರಣ ಸಿಗುತ್ತದೆ.

ಹೆಜ್ಜೆ 1: ಕೆಲಸ ತಿಳಿದುಕೊಳ್ಳಿ

ಇಂಗ್ಲೆಂಡಿನ ನೈರುತ್ಯ ಮೂಲೆಯಲ್ಲಿ ಡೆವನ್ ಅಂತ ಒಂದು ಸೀಮೆ ಇದೆ. ಈ ತಳಿಗೆ ತನ್ನ ಹೆಸರು ಬಿಟ್ಟುಹೋದ ಜಾನ್ (ಜಾಕ್) ರಸೆಲ್ 1795ರಲ್ಲಿ ಹುಟ್ಟಿದ್ದು ಅಲ್ಲಿನ ಡಾರ್ಟ್‌ಮತ್‌ನಲ್ಲಿ. ಮುಂದೆ ಅದೇ ಸೀಮೆಯ ಸ್ವಿಂಬ್ರಿಜ್ ಎಂಬ ಹಳ್ಳಿಯಲ್ಲಿ ನಲವತ್ತಕ್ಕೂ ಹೆಚ್ಚು ವರ್ಷ ಪಾದ್ರಿಯಾಗಿದ್ದ. ಕೆಲಸ ಚರ್ಚಿನಲ್ಲಿ, ಮನಸ್ಸೆಲ್ಲ ನರಿ ಬೇಟೆಯಲ್ಲಿ.

1819ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಓದುತ್ತಿದ್ದಾಗ, ಹಾಲು ಮಾರುವವನೊಬ್ಬನ ಬಳಿ ಒಂದು ಹೆಣ್ಣು ಟೆರಿಯರ್ ಅವನ ಕಣ್ಣಿಗೆ ಬಿತ್ತು. ಬಿಳಿ ಮೈ. ಎರಡೂ ಕಡೆ ಕಣ್ಣು-ಕಿವಿಯ ಮೇಲೆ ಗಾಢ ಕಂದು ಮಚ್ಚೆ. ಬಾಲದ ಬುಡದಲ್ಲಿ ನಾಣ್ಯದಷ್ಟಗಲದ ಇನ್ನೊಂದು. ಅಲ್ಲಿಯೇ ಅದನ್ನು ಕೊಂಡುಕೊಂಡ. ಅದರ ಹೆಸರು ಟ್ರಂಪ್. ಇಡೀ ತಳಿಗೆ ಇದೇ ತಾಯಿ ಅಂತ ಹೇಳುವ ವಾಡಿಕೆ.

ಆಗಿನ ನರಿ ಬೇಟೆ ಹೀಗಿತ್ತು. ಮುಂದೆ ಫಾಕ್ಸ್‌ಹೌಂಡ್ ನಾಯಿಗಳ ದೊಡ್ಡ ಹಿಂಡು, ಹಿಂದೆ ಕುದುರೆ ಸವಾರರು. ದಣಿದ ನರಿ ಯಾವುದಾದರೂ ಬಿಲಕ್ಕೆ ನುಗ್ಗುತ್ತದೆ. ದೊಡ್ಡ ನಾಯಿಗಳು ಬಾಯಿ ಬಿಟ್ಟುಕೊಂಡು ಹೊರಗೇ ನಿಲ್ಲುತ್ತವೆ. ಆಗ ಟೆರಿಯರ್ ಒಳಗಿಳಿಯಬೇಕು. ಕತ್ತಲಲ್ಲಿ ನರಿಯ ಎದುರು ನಿಂತು ಬೊಗಳಬೇಕು. ಕಾಟ ತಡೆಯಲಾಗದೆ ನರಿ ಹೊರಗೆ ಓಡಿದರೆ ಬೇಟೆ ಮತ್ತೆ ಶುರು. ಒಳಗೇ ಉಳಿದರೆ, ಬೊಗಳು ಕೇಳಿಸಿದ ಜಾಗದಲ್ಲಿ ಮೇಲಿನವರು ನೆಲ ಅಗೆಯುತ್ತಾರೆ.

ಇಲ್ಲೊಂದು ಸೂಕ್ಷ್ಮ ಇದೆ. ಟೆರಿಯರ್ ಬಿಲದೊಳಗೇ ನರಿಯನ್ನು ಕೊಂದುಬಿಟ್ಟರೆ ಸವಾರರ ಆಟವೇ ಮುಗಿಯಿತು, ಅಲ್ವಾ? ಅದಕ್ಕೇ ರಸೆಲ್‌ಗೆ ಕೊಲ್ಲುವ ನಾಯಿ ಬೇಡವಾಗಿತ್ತು. ಹೆದರದ, ಆದರೆ ಕಚ್ಚಾಡದ, ಬಾಯಿ ಮಾಡಿಯೇ ಎದುರಾಳಿಯನ್ನು ಓಡಿಸುವ ನಾಯಿ ಬೇಕಿತ್ತು. ಅಗೆಯುವ ಗಡಿಬಿಡಿಯಲ್ಲಿ ನರಿ ಯಾವುದು, ನಾಯಿ ಯಾವುದು ಎಂದು ತಟ್ಟನೆ ತಿಳಿಯಲು ಬಿಳಿ ಬಣ್ಣ ಬೇಕಿತ್ತು. ಕುದುರೆಗಳ ಜೊತೆ ಓಡಿ ಬರಲು ಉದ್ದ ಕಾಲು, ಬಿಲಕ್ಕೆ ಇಳಿಯಲು ಕಿರಿದಾದ ಎದೆ. ಈ ಎರಡನ್ನೂ ಒಂದೇ ಮೈಯಲ್ಲಿ ಕೂಡಿಸುವುದೇ ಕಷ್ಟದ ಭಾಗ.

ಅಂದ ಹಾಗೆ, 1873ರಲ್ಲಿ ನಾಯಿ ತಳಿಗಳನ್ನು ನೋಂದಾಯಿಸುವ ಬ್ರಿಟನ್ನಿನ ಕೆನಲ್ ಕ್ಲಬ್ ಶುರುವಾದಾಗ ರಸೆಲ್ ಅದರ ಸ್ಥಾಪಕ ಸದಸ್ಯರಲ್ಲಿ ಒಬ್ಬ. ಫಾಕ್ಸ್ ಟೆರಿಯರ್‌ಗಳ ತೀರ್ಪುಗಾರನೂ ಆಗಿದ್ದ. ತನ್ನ ನಾಯಿಗಳನ್ನು ಮಾತ್ರ ಪ್ರದರ್ಶನಕ್ಕೆ ತರುತ್ತಿರಲಿಲ್ಲ. ದುಡ್ಡಿನ ಅಡಚಣೆ ಬಂದಾಗಲೆಲ್ಲ ನಾಯಿಗಳನ್ನು ಮಾರುತ್ತಿದ್ದ. 1883ರಲ್ಲಿ ಸಾಯುವಾಗ ಅವನ ಬಳಿ ಉಳಿದಿದ್ದು ಕೆಲವೇ ಮುದಿ ನಾಯಿಗಳು. ಹಾಗಾಗಿ ‘ನಮ್ಮ ಮರಿ ನೇರ ಟ್ರಂಪ್ ವಂಶದ್ದು’ ಅಂತ ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ.

ಹೆಜ್ಜೆ 2: ಮೂರು ಹೆಸರುಗಳನ್ನು ಬೇರೆ ಮಾಡಿ

ರಸೆಲ್ ಕಾಲದಲ್ಲಿ ಇವೆಲ್ಲ ಫಾಕ್ಸ್ ಟೆರಿಯರ್‌ಗಳೇ. ಆಮೇಲೆ ಪ್ರದರ್ಶನದ ಫಾಕ್ಸ್ ಟೆರಿಯರ್‌ಗಳ ದಾರಿ ಬೇರೆಯಾಯಿತು. ತಲೆ ಉದ್ದವಾಗಿ ಸಪೂರವಾಯಿತು, ನಿಲುವು ನೆಟ್ಟಗಾಯಿತು. ಬೇಟೆಗಾರರು ತಮ್ಮ ಹಳೆಯ ಮಾದರಿಯನ್ನೇ ಇಟ್ಟುಕೊಂಡರು. ಅವರಲ್ಲಿ ಆರ್ಥರ್ ಹೈನಮನ್ ಎಂಬಾತ 1894ರಲ್ಲಿ ಅದರ ಲಕ್ಷಣಗಳನ್ನು ಮೊದಲ ಸಲ ಬರೆದಿಟ್ಟ.

ಎರಡನೇ ಮಹಾಯುದ್ಧದ ನಂತರ ಬೇಟೆ ನಾಯಿಗೆ ಬೇಡಿಕೆ ಇಳಿಯಿತು. ಮನೆ ನಾಯಿಯಾಗಿ ಸಾಕಲು ಕಾರ್ಗಿ, ಡ್ಯಾಶ್‌ಹುಂಡ್‌ನಂಥ ಗಿಡ್ಡ ನಾಯಿಗಳ ಜೊತೆ ಬೆರಕೆ ನಡೆಯಿತು. ಗಿಡ್ಡ ಕಾಲಿನ, ಮೈ ಉದ್ದದ ಮಾದರಿ ಹೆಚ್ಚಾಗಿದ್ದು ಆಗ. ಆ ಪುಟ್ಟ ಮಾದರಿಯನ್ನು ಒಂದು ಅಚ್ಚಿಗೆ ತಂದವರು ಆಸ್ಟ್ರೇಲಿಯಾದವರು. ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ರೂಪ ಪಡೆದಿದ್ದು ಆಸ್ಟ್ರೇಲಿಯಾದಲ್ಲಿ ಎಂದು ಕೆನಲ್ ಕ್ಲಬ್ಬುಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಎಫ್‌ಸಿಐ ಕೂಡ ಬರೆದುಕೊಂಡಿದೆ.

ಈಗಿನ ಲೆಕ್ಕ ಇಷ್ಟು. ಉದ್ದ ಕಾಲಿನದು ಪಾರ್ಸನ್ ರಸೆಲ್. ಇದನ್ನು ಬ್ರಿಟನ್ನಿನ ಕೆನಲ್ ಕ್ಲಬ್ 1990ರಲ್ಲಿ ಒಪ್ಪಿತು. ಗಿಡ್ಡ ಕಾಲಿನದು ಜಾಕ್ ರಸೆಲ್. ಇದನ್ನು ಎಫ್‌ಸಿಐ 2000ದಲ್ಲಿ ಒಪ್ಪಿದರೆ, ಹುಟ್ಟಿದ ನಾಡಿನ ಕ್ಲಬ್ಬು 2016ರವರೆಗೆ ಕಾಯಿಸಿತು! ಅಮೆರಿಕದ್ದು ಇನ್ನೊಂದು ಗೊಂದಲ. ಅಲ್ಲಿ ಮೊದಲು ಜಾಕ್ ರಸೆಲ್ ಅಂದಿದ್ದನ್ನು 2003ರಲ್ಲಿ ಪಾರ್ಸನ್ ರಸೆಲ್ ಮಾಡಿದರು. ಗಿಡ್ಡದಕ್ಕೆ ಅಲ್ಲಿನ ಕೆನಲ್ ಕ್ಲಬ್ಬಿನಲ್ಲಿ ಬರೀ ‘ರಸೆಲ್ ಟೆರಿಯರ್’ ಅಂತ ಹೆಸರು. ಆದ್ದರಿಂದ ಅಂತರ್ಜಾಲದಲ್ಲಿ ಅಳತೆ ಓದುವಾಗ ಯಾವ ದೇಶದ್ದು, ಯಾವ ವರ್ಷದ್ದು ಎಂದು ನೋಡಿಕೊಳ್ಳಿ.

ಬಣ್ಣ ನೋಡಿ ತಳಿ ಹೇಳುವ ಆಟ ಎಷ್ಟು ಕಷ್ಟ ಅನ್ನುವುದಕ್ಕೆ ನಮ್ಮ ಮನೆಗಳಿಗೂ ಬಂದ ಒಂದು ನಾಯಿಯೇ ಸಾಕ್ಷಿ. ಎಚ್‌ಎಂವಿ ಗ್ರಾಮೋಫೋನ್ ತಟ್ಟೆಗಳ ಮೇಲೆ ಕೊಳವೆಗೆ ಕಿವಿಗೊಟ್ಟು ಕೂತಿತ್ತಲ್ಲ, ಅದು. ಹೆಸರು ನಿಪ್ಪರ್. 1884ರಲ್ಲಿ ಬ್ರಿಸ್ಟಲ್‌ನಲ್ಲಿ ಹುಟ್ಟಿದ್ದು. ಫ್ರಾನ್ಸಿಸ್ ಬರಾಡ್ ಎಂಬ ಕಲಾವಿದ ಅದರ ಚಿತ್ರ ಬರೆದ. ಕೆಲವರು ಅದನ್ನು ಜಾಕ್ ರಸೆಲ್ ಅನ್ನುತ್ತಾರೆ, ಕೆಲವರು ಫಾಕ್ಸ್ ಟೆರಿಯರ್ ಅನ್ನುತ್ತಾರೆ, ಬುಲ್ ಟೆರಿಯರ್ ಬೆರಕೆ ಅನ್ನುವವರೂ ಇದ್ದಾರೆ. ಚಿತ್ರಕ್ಕೆ ಟೇಪು ಹಿಡಿಯಲು ಆಗುವುದಿಲ್ಲವಲ್ಲ.

ಹೆಜ್ಜೆ 3: ಟೇಪು ಹಿಡಿಯಿರಿ

ನಾಯಿಯನ್ನು ಸಮತಟ್ಟಾದ ನೆಲದ ಮೇಲೆ ಗೋಡೆಗೆ ಒತ್ತಿ ನಿಲ್ಲಿಸಿ. ಜಾರುವ ಟೈಲ್ಸ್ ಬೇಡ, ಕಾಲು ಅಗಲಿಸಿ ನಿಂತರೆ ಎತ್ತರ ತಪ್ಪುತ್ತದೆ. ಎತ್ತರ ಅಳೆಯುವುದು ತಲೆಯವರೆಗೆ ಅಲ್ಲ. ಕತ್ತು ಮುಗಿದು ಬೆನ್ನು ಶುರುವಾಗುವಲ್ಲಿ ಎರಡು ಹೆಗಲ ಮೂಳೆಗಳ ತುದಿ ಕೈಗೆ ಸಿಗುತ್ತವೆ. ಅಲ್ಲಿ ಒಂದು ಗಟ್ಟಿ ಪುಸ್ತಕವನ್ನು ಅಡ್ಡ ಇಟ್ಟು, ಅದು ಗೋಡೆಗೆ ತಾಗಿದಲ್ಲಿ ಪೆನ್ಸಿಲ್ ಗುರುತು ಹಾಕಿ. ನೆಲದಿಂದ ಗುರುತಿನವರೆಗೆ ಅಳೆಯಿರಿ.

ಬೆಳೆದ ಜಾಕ್ ರಸೆಲ್ ಆದರೆ 25ರಿಂದ 30 ಸೆಂ.ಮೀ. ಪಾರ್ಸನ್ ಆದರೆ ಹೆಣ್ಣು ಸುಮಾರು 33, ಗಂಡು ಸುಮಾರು 36 ಸೆಂ.ಮೀ. ತೂಕಕ್ಕೂ ಸುಲಭ ಲೆಕ್ಕ ಇದೆ. ಪ್ರತಿ 5 ಸೆಂ.ಮೀ. ಎತ್ತರಕ್ಕೆ 1 ಕೆ.ಜಿ. ಅಂದರೆ 25 ಸೆಂ.ಮೀ. ನಾಯಿ 5 ಕೆ.ಜಿ., 30 ಸೆಂ.ಮೀ. ನಾಯಿ 6 ಕೆ.ಜಿ. ಇರಬೇಕು. ಅದೇ ಎತ್ತರದ ನಾಯಿ 9 ಕೆ.ಜಿ. ತೂಗಿದರೆ ತಳಿಯ ಮೇಲೆ ಅನುಮಾನ ಪಡುವ ಮೊದಲು ಅನ್ನದ ತಟ್ಟೆಯ ಮೇಲೆ ಅನುಮಾನ ಪಡಿ.

ಪಕ್ಕದಿಂದಲೂ ನೋಡಿ. ಜಾಕ್‌ನ ಮೈ ಎತ್ತರಕ್ಕಿಂತ ತುಸು ಉದ್ದ. ಪಾರ್ಸನ್ ಹೆಚ್ಚುಕಮ್ಮಿ ಚೌಕ.

ಹೆಜ್ಜೆ 4: ಎದೆಯನ್ನು ಕೈಯಲ್ಲಿ ಹಿಡಿದು ನೋಡಿ

ಈ ತಳಿಯನ್ನು ಬಲ್ಲವರು ಬೇರೆಲ್ಲಕ್ಕಿಂತ ಹೆಚ್ಚು ನಂಬುವುದು ಇದನ್ನೇ. ನಾಯಿಗೆ ಪರಿಚಯ ಇಲ್ಲದಿದ್ದರೆ ಮಾಡಬೇಡಿ. ಯಜಮಾನರು ಮುಂದೆ ನಿಂತು ಮಾತಾಡಿಸುತ್ತಿರಲಿ.

ನೀವು ನಾಯಿಯ ಹಿಂದೆ ಕೂರಿ. ಎರಡೂ ಕೈಗಳನ್ನು ಮುಂಗಾಲುಗಳ ಹಿಂಭಾಗಕ್ಕೆ, ಮೊಣಕೈ ಮುಗಿದ ಕೂಡಲೇ ಸಿಗುವ ಎದೆಯ ಸುತ್ತ ತನ್ನಿ. ಹೆಬ್ಬೆರಳುಗಳು ಬೆನ್ನಿನ ಮೇಲೆ, ಉಳಿದ ಬೆರಳುಗಳು ಎದೆಯ ಕೆಳಗೆ ಇರಲಿ. ಮುಂಗಾಲುಗಳನ್ನು ನೆಲದಿಂದ ಚೂರು ಎತ್ತಿ, ಮೆತ್ತಗೆ ಒತ್ತಿ. ಸಾಧಾರಣ ಅಳತೆಯ ಕೈಗಳಾದರೆ ಮೇಲೆ ಹೆಬ್ಬೆರಳುಗಳೂ ಕೆಳಗೆ ಬೆರಳ ತುದಿಗಳೂ ಒಂದಕ್ಕೊಂದು ತಾಗಬೇಕು. ಟೇಪಿನ ಲೆಕ್ಕದಲ್ಲಿ ಜಾಕ್‌ಗೆ ಈ ಸುತ್ತಳತೆ 40ರಿಂದ 43 ಸೆಂ.ಮೀ.

ಬೆರಳು ತಾಗಿತು ಅಂದ ಮಾತ್ರಕ್ಕೆ ಮುಗಿಯಲಿಲ್ಲ. ಒತ್ತಿದಾಗ ಪಕ್ಕೆಲುಬು ಸ್ವಲ್ಪ ಒಳಗೆ ಹೋಗಿ ಮತ್ತೆ ಅರಳಬೇಕು. ನರಿಯ ಎದೆ ಹಾಗೆಯೇ. ನರಿ ನುಸುಳಿದ ಸಂದಿಯಲ್ಲಿ ನಾಯಿಯೂ ನುಸುಳಬೇಕಿತ್ತು. ಪೀಪಾಯಿಯಂತೆ ದುಂಡಗೆ ಗಟ್ಟಿಯಾದ ಎದೆಯ ನಾಯಿ ಬಿಲದಲ್ಲಿ ಸಿಕ್ಕಿಹಾಕಿಕೊಳ್ಳುತ್ತಿತ್ತು. ಹಾಗೆ ಸಿಕ್ಕಿಕೊಂಡರೆ ಸಾವೇ.

ಹೆಜ್ಜೆ 5: ಉಳಿದದ್ದನ್ನು ಕಣ್ಣಲ್ಲಿ ನೋಡಿ

ಕಿವಿ ಮುಂದಕ್ಕೆ ಮಡಚಿರಬೇಕು ಅಥವಾ ಜೋಲಿರಬೇಕು. ನೆಟ್ಟಗೆ ನಿಂತ ಕಿವಿ ಈ ತಳಿಯದ್ದಲ್ಲ. ಬಿಲದ ಮಣ್ಣು ಒಳಗೆ ಬೀಳಬಾರದಲ್ಲ. ಕಣ್ಣು ಸಣ್ಣದು, ಬಾದಾಮಿ ಆಕಾರ, ಕಪ್ಪು. ಹಲ್ಲು ಕತ್ತರಿಯ ಹಾಗೆ ಕೂರಬೇಕು, ಅಂದರೆ ಮೇಲಿನ ಮುಂಹಲ್ಲು ಕೆಳಗಿನದರ ಮುಂದೆ ತಾಗಿಕೊಂಡಿರಬೇಕು.

ಕೂದಲಲ್ಲಿ ಮೂರು ಬಗೆ ಇವೆ: ನುಣುಪು, ಒರಟು, ನಡುವಿನದು. ಮೂರಕ್ಕೂ ಬೆಲೆ ಒಂದೇ ಇರಬೇಕು. ‘ಒರಟು ಕೂದಲಿನದು ಅಪರೂಪ, ಜಾಸ್ತಿ ಕೊಡಿ’ ಅಂದರೆ ನಂಬಬೇಡಿ. ನುಣುಪು ಕೂದಲಿನದು ಉದುರಿಸುವುದಿಲ್ಲ ಎಂಬ ಮಾತನ್ನಂತೂ ನಂಬಲೇಬೇಡಿ, ಸೋಫಾ ತುಂಬ ಬಿಳಿ ಕೂದಲು ಸಿಗುತ್ತದೆ. ಮೈಯಲ್ಲಿ ಬಿಳಿಯೇ ಹೆಚ್ಚಿರಬೇಕು. ಮಚ್ಚೆ ಕಪ್ಪು ಅಥವಾ ಕಂದು. ಹುಲಿಪಟ್ಟೆ ಇದ್ದರೆ ಬೆರಕೆ ಇರಬಹುದು.

ಬಾಲವನ್ನು ಹಿಂದೆ ಕತ್ತರಿಸುತ್ತಿದ್ದರು. ಒಂದು ಹಿಡಿಯಷ್ಟು ಉಳಿಸಿದರೆ ಬಿಲದಿಂದ ಎಳೆದುಕೊಳ್ಳಲು ಹಿಡಿ ಸಿಗುತ್ತದೆ ಅನ್ನುವುದು ಕಾರಣ. ಇಂಗ್ಲೆಂಡಿನಲ್ಲಿ ನಾಯಿಗಳಿಂದ ನರಿ ಬೇಟೆಯಾಡಿಸುವುದನ್ನೇ 2004ರ ಕಾಯ್ದೆ ನಿಷೇಧಿಸಿತು. ಕೆಲವು ದುಡಿಯುವ ನಾಯಿಗಳನ್ನು ಬಿಟ್ಟರೆ ಬಾಲ ಕತ್ತರಿಸುವುದೂ 2007ರಿಂದ ಅಲ್ಲಿ ಅಪರಾಧ. ಅಪಾರ್ಟ್‌ಮೆಂಟಿನ ನಾಯಿಗೆ ಇದರ ಅಗತ್ಯ ಏನಿದೆ ಹೇಳಿ? ಇಡೀ ಬಾಲದ ಮರಿಯನ್ನೇ ಕೇಳಿ.

ಹೆಜ್ಜೆ 6: ಮರಿ ತರುವ ಮೊದಲು ಕೇಳಬೇಕಾದ್ದು

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮೊದಲ ಸಲ ನಾಯಿ ಸಾಕುವವರಿಗೆ, ದಿನವಿಡೀ ಮನೆಗೆ ಬೀಗ ಹಾಕಿ ಹೋಗುವವರಿಗೆ ಇದು ಬೇಡ. ಚಿಕ್ಕದು, ಆದ್ದರಿಂದ ಸುಲಭ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬಿಲದೊಳಗೆ ಹೇಳಿಕೊಡಲು ಯಾರೂ ಇರುತ್ತಿರಲಿಲ್ಲ. ಅಲ್ಲಿ ತಾನೇ ತೀರ್ಮಾನ ಮಾಡುವ ನಾಯಿ ಬೇಕಿತ್ತು. ಅದೇ ಬುದ್ಧಿ ಮನೆಯಲ್ಲಿ ಹಟವಾಗಿ ಕಾಣುತ್ತದೆ. ಕೂಗಿದರೆ ಕೇಳಿಸಿಕೊಳ್ಳುತ್ತದೆ, ಬರಬೇಕೋ ಬೇಡವೋ ಅಂತ ಯೋಚಿಸುತ್ತದೆ. ಮೊಲ, ಲವ್‌ಬರ್ಡ್ಸ್ ಇರುವ ಮನೆಯಲ್ಲಿ ಇದನ್ನು ನಂಬಿ ಬಿಡುವ ಹಾಗಿಲ್ಲ.

ಆಯುಸ್ಸು ಮಾತ್ರ ಗಟ್ಟಿ. ಬ್ರಿಟನ್ನಿನ ರಾಯಲ್ ವೆಟರ್ನರಿ ಕಾಲೇಜು 2022ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ನೋಡಿದ ತಳಿಗಳಲ್ಲೆಲ್ಲ ಹೆಚ್ಚು ಬಾಳುವುದು ಜಾಕ್ ರಸೆಲ್ ಎಂದು ಬಂತು. ಸರಾಸರಿ 12.7 ವರ್ಷ. ಅಷ್ಟು ಕಾಲ ಜೊತೆಗಿರುವ ಪ್ರಾಣಿಯ ಬಗ್ಗೆ ನಾಲ್ಕು ಪ್ರಶ್ನೆ ಕೇಳಲು ಸಂಕೋಚ ಬೇಡ.

ತಾಯಿಯನ್ನು ತೋರಿಸಿ ಅನ್ನಿ. ತಾಯಿಯ ಎತ್ತರ ಅಳೆಯಿರಿ, ಮರಿಯ ಅಳತೆಯಿಂದ ಏನೂ ತಿಳಿಯುವುದಿಲ್ಲ. ಕೆನಲ್ ಕ್ಲಬ್ ಆಫ್ ಇಂಡಿಯಾದ ಕಾಗದ ಇದೆ ಅಂದರೆ, ಅದರಲ್ಲಿರುವ ಮೈಕ್ರೋಚಿಪ್ ಸಂಖ್ಯೆಯನ್ನು ಪಶುವೈದ್ಯರ ಬಳಿ ಸ್ಕ್ಯಾನ್ ಮಾಡಿಸಿ ಹೋಲಿಸಿ.

ತಂದೆ-ತಾಯಿಗೆ ಕಣ್ಣಿನ ಡಿಎನ್‌ಎ ಪರೀಕ್ಷೆ ಆಗಿದೆಯೇ ಕೇಳಿ. ಈ ತಳಿಯಲ್ಲಿ ಕಣ್ಣಿನ ಮಸೂರ ಜಾಗ ಬಿಟ್ಟು ಜಾರುವ ವಂಶಪಾರಂಪರ್ಯ ಕಾಯಿಲೆ ಇದೆ. ಮರಿಯಲ್ಲಿ ಏನೂ ಕಾಣುವುದಿಲ್ಲ, ಸಾಮಾನ್ಯವಾಗಿ ಮೂರರಿಂದ ಎಂಟು ವರ್ಷದೊಳಗೆ ಬರುತ್ತದೆ. ಕಣ್ಣು ಏಕಾಏಕಿ ಕೆಂಪಾಗಿ, ನೋವಿನಿಂದ ಮುಚ್ಚಿಕೊಂಡರೆ ಅವತ್ತೇ ವೈದ್ಯರ ಬಳಿ ಓಡಬೇಕು. ಬಿಳಿ ಬಣ್ಣದ ಜೊತೆ ಕಿವುಡೂ ಬರುವುದುಂಟು. ಮರಿ ಬೆನ್ನು ತಿರುಗಿಸಿದಾಗ ಕೀಲಿಕೈ ಅಲ್ಲಾಡಿಸಿ ನೋಡಿ. ಒಂದೇ ಕಿವಿ ಕೇಳದಿದ್ದರೆ ಹೀಗೆ ಗೊತ್ತಾಗುವುದಿಲ್ಲ, ಅದಕ್ಕೆ ಬೇರೆ ಪರೀಕ್ಷೆ ಇದೆ. ಓಡುವಾಗ ಹಿಂಗಾಲೊಂದನ್ನು ಆಗಾಗ ಎತ್ತಿ ಕುಪ್ಪಳಿಸುತ್ತಿದ್ದರೆ ಮಂಡಿ ಚಿಪ್ಪು ಸಡಿಲ ಇರಬಹುದು, ವೈದ್ಯರಿಗೆ ತೋರಿಸಿ.

ಹೆಜ್ಜೆ 7: ಮನೆಗೆ ಬಂದ ಮೇಲೆ

ಅಗೆಯುತ್ತದೆ. ತಡೆಯಲು ಹೋಗಬೇಡಿ, ಜಾಗ ಕೊಡಿ. ಹಿತ್ತಲಿನ ಒಂದು ಮೂಲೆಗೆ ಮರಳು ತುಂಬಿ ಅದರಲ್ಲಿ ಆಟಿಕೆ, ತಿಂಡಿ ಹೂತಿಡಿ. ಫ್ಲಾಟಿನಲ್ಲಿದ್ದರೆ ಹಳೆ ಬೆಡ್‌ಶೀಟು ತುಂಬಿದ ರಟ್ಟಿನ ಪೆಟ್ಟಿಗೆಯೂ ಆದೀತು. ಕಾಂಪೌಂಡಿನ ಬುಡ, ಗೇಟಿನ ಕೆಳಗಿನ ಸಂದಿ ಎರಡನ್ನೂ ಮುಚ್ಚಿ. ಬೆಳಿಗ್ಗೆ, ಸಂಜೆ ಎರಡು ಹೊತ್ತು ವಾಕಿಂಗ್ ಬೇಕೇ ಬೇಕು. ಬರೀ ನಡಿಗೆ ಸಾಲದು, ಮೂಸಿ ಹುಡುಕುವ ಆಟಗಳೂ ಇರಲಿ. ಬೇಲಿ ಇಲ್ಲದ ಬಯಲಲ್ಲಿ ಚೈನು ಬಿಚ್ಚಬೇಡಿ. ಒಂದು ಅಳಿಲು ಕಂಡರೆ ಸಾಕು, ನಿಮ್ಮ ದನಿ ಅದಕ್ಕೆ ಕೇಳಿಸುವುದೇ ಇಲ್ಲ.

ಕೊನೆಯದು ನಮ್ಮ ಊರುಗಳಿಗೆ ತುಂಬ ಮುಖ್ಯ. ಈ ನಾಯಿ ಇಲಿ ಹಿಡಿಯದೆ ಬಿಡುವುದಿಲ್ಲ. ಇಲಿಯ ಮೂತ್ರದಿಂದ ಇಲಿಜ್ವರ ಬರುತ್ತದೆ. ಮಳೆಗಾಲದಲ್ಲಿ ಜಾಸ್ತಿ. ಇದು ನಾಯಿಗೂ ಬರುತ್ತದೆ, ನಾಯಿಯಿಂದ ನಮಗೂ ಅಂಟಬಹುದು. ರೇಬೀಸ್ ಚುಚ್ಚುಮದ್ದಿನ ಜೊತೆ ಇಲಿಜ್ವರದ ಲಸಿಕೆಯೂ ಪಟ್ಟಿಯಲ್ಲಿದೆಯೇ ಎಂದು ವೈದ್ಯರನ್ನು ಕೇಳಿ, ವರ್ಷಕ್ಕೊಮ್ಮೆ ತಪ್ಪದೆ ಹಾಕಿಸಿ. ಮನೆಯಲ್ಲಿ, ಅಕ್ಕಪಕ್ಕದಲ್ಲಿ ಇಲಿ ಪಾಷಾಣ ಇಡುವ ರೂಢಿ ಇದ್ದರೆ ನಿಲ್ಲಿಸಲು ಹೇಳಿ, ಬೋನು ಇಡಿ. ಪಾಷಾಣ ತಿಂದ ಇಲಿಯನ್ನು ತಿಂದರೂ ನಾಯಿಗೆ ಅಪಾಯ. ಕೆಲವು ಪಾಷಾಣಗಳಲ್ಲಿ ವಸಡಿನಿಂದ ರಕ್ತ, ಸುಸ್ತು ಕಾಣಿಸಲು ಕೆಲವು ದಿನವೇ ಬೇಕು. ಅಲ್ಲಿಯವರೆಗೆ ಕಾಯದೆ, ತಿಂದ ಅನುಮಾನ ಬಂದ ತಕ್ಷಣ ಪಾಷಾಣದ ಪೊಟ್ಟಣವನ್ನೂ ಜೊತೆಗೆ ಹಿಡಿದುಕೊಂಡು ವೈದ್ಯರ ಬಳಿ ಹೋಗಿ. ಯಾವ ಔಷಧ ಕೊಡಬೇಕು ಅನ್ನುವುದು ಆ ಪೊಟ್ಟಣದ ಮೇಲಿನ ಹೆಸರಿನಿಂದಲೇ ಅವರಿಗೆ ತಿಳಿಯುತ್ತದೆ.